ನವೆಂಬರ್ 1ರ ಗೊಂದಲ ಬಿಡಿಸಿಕೊಳ್ಳೋಣ: 1956, 1973 ಮತ್ತು ಅದೇ ತಾರೀಖಿನ ಉಳಿದ ಘಟನೆಗಳು

ನವೆಂಬರ್ 1 ಕನ್ನಡ ರಾಜ್ಯೋತ್ಸವ ಎಂಬುದು ಎಲ್ಲರಿಗೂ ಬಾಯಿಪಾಠ. ಅಂಕ ಕಳೆದುಕೊಳ್ಳುವುದು ಅಲ್ಲಲ್ಲ. ಈ ಒಂದು ತಾರೀಖಿಗೆ 1858ರಿಂದ 2000ದವರೆಗಿನ ಹಲವು ಘಟನೆಗಳು ಅಂಟಿಕೊಂಡಿವೆ, ಮತ್ತು ಒಂದೊಂದು ಘಟನೆಗೂ ಎರಡು ಮೂರು ತಾರೀಖುಗಳಿವೆ. ಎಫ್‌ಡಿಎ, ಪಿಡಿಒ, ಕೆಎಎಸ್ ನೇಮಕಾತಿ ಪರೀಕ್ಷೆಗಳಲ್ಲಿ ಯಾವುದಕ್ಕೆ ಓದುತ್ತಿದ್ದರೂ ಉಪಯೋಗಕ್ಕೆ ಬರಲಿ ಎಂದು ಈ ಟಿಪ್ಪಣಿ. ಏಕೀಕರಣ ಚಳವಳಿಯ ಕಥೆ ಇದರಲ್ಲಿಲ್ಲ, ತಾರೀಖುಗಳ ಲೆಕ್ಕವಷ್ಟೇ ಇದೆ.

ವರ್ಷ ಆಮೇಲೆ, ಕ್ರಿಯಾಪದ ಮೊದಲು

ಪ್ರಶ್ನೆ ಓದುವಾಗ ಇಸವಿಗಿಂತ ಮೊದಲು ಕ್ರಿಯಾಪದಕ್ಕೆ ಗೆರೆ ಎಳೆಯಿರಿ. "ಅಂಕಿತ ಬಿತ್ತು", "ಜಾರಿಗೆ ಬಂತು", "ಹೆಸರು ಬದಲಾಯಿತು": ಮೂರೂ ಬೇರೆ ಬೇರೆ. ರಾಜ್ಯಗಳ ಪುನರ್‌ವಿಂಗಡಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1956ರ ಆಗಸ್ಟ್ 31ರಂದು. ಆ ದಿನ ಯಾವ ರಾಜ್ಯದ ಗಡಿಯೂ ಒಂದಿಂಚು ಕದಲಲಿಲ್ಲ. ಗಡಿ ಬದಲಾದದ್ದು ಕಾಯ್ದೆಯೇ ಗೊತ್ತುಪಡಿಸಿದ ದಿನದಂದು, ಅಂದರೆ ನವೆಂಬರ್ 1ರಂದು. ನಡುವಿನ ಎರಡು ತಿಂಗಳು ಸುಮ್ಮನೆ ಬಿಟ್ಟದ್ದಲ್ಲ. ನೌಕರರನ್ನು ಯಾವ ರಾಜ್ಯಕ್ಕೆ ಹಂಚಬೇಕು, ಸಾಲ ಮತ್ತು ಆಸ್ತಿ ಯಾರ ಪಾಲಿಗೆ, ಯಾವ ಹೈಕೋರ್ಟಿನ ವ್ಯಾಪ್ತಿ ಎಲ್ಲಿಯವರೆಗೆ, ಶಾಸಕರು ಯಾವ ಸಭೆಯಲ್ಲಿ ಕೂರಬೇಕು ಎಂಬುದೆಲ್ಲ ಆ ದಿನಕ್ಕೆ ಸಿದ್ಧವಿರಬೇಕಿತ್ತು.

ಇನ್ನೊಂದು ತಾರೀಖು ಇಲ್ಲೇ ನುಸುಳುತ್ತದೆ: ಸಂವಿಧಾನದ 7ನೇ ತಿದ್ದುಪಡಿ. ಅದಕ್ಕೆ ಅಂಕಿತ 1956ರ ಅಕ್ಟೋಬರ್ 19ರಂದು, ಜಾರಿ ಅದೇ ನವೆಂಬರ್ 1ರಂದು. ಕಾಯ್ದೆ ಇದ್ದಮೇಲೆ ತಿದ್ದುಪಡಿ ಏಕೆ ಬೇಕಾಯಿತು? ಬಹಳ ಜನ ಎಡವುವುದು ಇದೇ ಮೆಟ್ಟಿಲಿನಲ್ಲಿ, ಹಾಗಾಗಿ ನಿಧಾನವಾಗಿ ನೋಡೋಣ.

3ನೇ ವಿಧಿಯ ಪ್ರಕಾರ ಹೊಸ ರಾಜ್ಯ ಮಾಡುವುದು, ಗಡಿ ಬದಲಿಸುವುದು, ಹೆಸರು ಬದಲಿಸುವುದು ಮೂರನ್ನೂ ಸಂಸತ್ತು ಸಾಮಾನ್ಯ ಕಾಯ್ದೆಯಿಂದಲೇ ಮಾಡಬಹುದು. ಅಂಥ ಕಾಯ್ದೆಯನ್ನು 368ನೇ ವಿಧಿಯ (ಸಂವಿಧಾನ ತಿದ್ದುವ ಕ್ರಮ ಹೇಳುವ ವಿಧಿ) ತಿದ್ದುಪಡಿ ಎಂದು ಎಣಿಸಬಾರದು ಎಂದು 4ನೇ ವಿಧಿ ಹೇಳುತ್ತದೆ. ಆದ್ದರಿಂದ ಗಡಿಯ ಕೆಲಸಕ್ಕೆ ಕಾಯ್ದೆ ಸಾಕು. ಆದರೆ ಆಗಿನ ಸಂವಿಧಾನದಲ್ಲಿ ರಾಜ್ಯಗಳೇ ಎ, ಬಿ, ಸಿ ಎಂಬ ದರ್ಜೆಗಳಲ್ಲಿದ್ದವು. 'ಎ' ರಾಜ್ಯಕ್ಕೆ ರಾಜ್ಯಪಾಲ, 'ಬಿ' ರಾಜ್ಯಕ್ಕೆ ರಾಜಪ್ರಮುಖ, 'ಸಿ' ರಾಜ್ಯಕ್ಕೆ ಕೇಂದ್ರದ ಹಿಡಿತದಲ್ಲಿ ಮುಖ್ಯ ಆಯುಕ್ತ ಅಥವಾ ಉಪರಾಜ್ಯಪಾಲ. ಈ ದರ್ಜೆಗಳನ್ನೇ ತೆಗೆದುಹಾಕಿ, ರಾಜಪ್ರಮುಖ ಹುದ್ದೆ ರದ್ದುಮಾಡಿ, 'ಕೇಂದ್ರಾಡಳಿತ ಪ್ರದೇಶ' ಎಂಬ ಹೊಸ ವರ್ಗ ತರುವುದು ಗಡಿಯ ಕೆಲಸವಲ್ಲ, ಸಂವಿಧಾನದ ಕೆಲಸ. ಅದಕ್ಕೇ 7ನೇ ತಿದ್ದುಪಡಿ. ಗೆರೆ ಎಳೆದದ್ದು ಕಾಯ್ದೆ, ದರ್ಜೆ ಅಳಿಸಿದ್ದು ತಿದ್ದುಪಡಿ. ಎರಡೂ ಜಾರಿಯಾದದ್ದು ಒಂದೇ ದಿನ.

ಇದು ತಿಳಿದರೆ ಜಯಚಾಮರಾಜೇಂದ್ರ ಒಡೆಯರ್ ಅವರ ಕುರಿತ ಪ್ರಶ್ನೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಅಕ್ಟೋಬರ್ 31ರವರೆಗೆ ಅವರು ಮೈಸೂರಿನ ರಾಜಪ್ರಮುಖರು, ನವೆಂಬರ್ 1ರಿಂದ ರಾಜ್ಯಪಾಲರು. ವ್ಯಕ್ತಿ ಒಬ್ಬರೇ, ಹುದ್ದೆ ಬೇರೆ. ಮುಖ್ಯಮಂತ್ರಿಗಳ ವಿಷಯದಲ್ಲಿ ಇದಕ್ಕೆ ತದ್ವಿರುದ್ಧ: ಹುದ್ದೆ ಒಂದೇ, ವ್ಯಕ್ತಿಗಳು ಮೂವರು. 1956ರ ಆಗಸ್ಟ್‌ವರೆಗೆ ಕೆಂಗಲ್ ಹನುಮಂತಯ್ಯ, ಆಗಸ್ಟ್ 19ರಿಂದ ಅಕ್ಟೋಬರ್ 31ರವರೆಗೆ ಕಡಿದಾಳ್ ಮಂಜಪ್ಪ, ನವೆಂಬರ್ 1ರಿಂದ ಎಸ್. ನಿಜಲಿಂಗಪ್ಪ. "1956ರಲ್ಲಿ ಮುಖ್ಯಮಂತ್ರಿ ಯಾರು" ಎಂದಷ್ಟೇ ಓದಿ ಉತ್ತರ ಗುರುತಿಸಬೇಡಿ, ಯಾವ ತಿಂಗಳು ಎಂದು ಕೇಳಿದ್ದಾರೆ ನೋಡಿ. "ಏಕೀಕೃತ ಮೈಸೂರಿನ ಮೊದಲ ಮುಖ್ಯಮಂತ್ರಿ" ಎಂದಿದ್ದರೆ ಮಾತ್ರ ನೇರವಾಗಿ ನಿಜಲಿಂಗಪ್ಪ.

16–3 ಮತ್ತು 14–6

ರಾಜ್ಯಗಳ ಪುನರ್‌ವಿಂಗಡಣೆಗೆಂದು ನೇಮಿಸಿದ್ದ ಫಜಲ್ ಅಲಿ ಆಯೋಗ (ಸದಸ್ಯರು ಕೆ.ಎಂ. ಪಣಿಕ್ಕರ್, ಎಚ್.ಎನ್. ಕುಂಜ್ರು) 1955ರ ಸೆಪ್ಟೆಂಬರ್ 30ರಂದು ಕೊಟ್ಟ ವರದಿಯಲ್ಲಿ 16 ರಾಜ್ಯ, 3 ಕೇಂದ್ರಾಡಳಿತ ಪ್ರದೇಶಗಳ ಶಿಫಾರಸು ಇತ್ತು. ಕಡೆಗೆ ಆದದ್ದು 14 ಮತ್ತು 6. ಈ ನಾಲ್ಕು ಸಂಖ್ಯೆಗಳನ್ನು ಉರು ಹೊಡೆಯುವ ಬದಲು ಕಳೆದು ಕೂಡಿ. ಆಯೋಗ ಪ್ರತ್ಯೇಕವಾಗಿ ಇಡಲು ಹೇಳಿದ್ದ ಹೈದರಾಬಾದ್ (ತೆಲಂಗಾಣ) ಆಂಧ್ರದೊಳಗೆ ಹೋಯಿತು, ವಿದರ್ಭ ಮುಂಬಯಿಯೊಳಗೆ ಹೋಯಿತು. 16ರಿಂದ 2 ಕಳೆದರೆ 14. ಕೇಂದ್ರಾಡಳಿತಕ್ಕೆ ಆಯೋಗ ಹೆಸರಿಸಿದ್ದು ದೆಹಲಿ, ಮಣಿಪುರ, ಅಂಡಮಾನ್ ನಿಕೋಬಾರ್. ಅದಕ್ಕೆ ಹಿಮಾಚಲ ಪ್ರದೇಶ, ತ್ರಿಪುರಾ ಮತ್ತು ಲಕ್ಕದೀವ್, ಮಿನಿಕಾಯ್, ಅಮಿನ್‌ದಿವಿ ದ್ವೀಪಗಳ ಗುಂಪು ಸೇರಿ 6.

ಇದೇ ವರದಿಯಲ್ಲಿ ನಮ್ಮ ರಾಜ್ಯಕ್ಕೆ ಸೂಚಿಸಿದ್ದ ಹೆಸರು 'ಕರ್ನಾಟಕ'. ಕಾಯ್ದೆಯಲ್ಲಿ ಬಂದದ್ದು 'ಮೈಸೂರು'. 1973ರ ಪ್ರಶ್ನೆ ಹುಟ್ಟುವುದು ಇಲ್ಲಿಂದ.

ಎ-2, ಬಿ-2, ಸಿ-1

ಕರ್ನಾಟಕಕ್ಕೆ ಸೇರಿದ ಭಾಗಗಳನ್ನು ನೆನಪಿಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಐದು ಆಡಳಿತಗಳಿಂದ ಕನ್ನಡದ ನೆಲ ಬಂತು, ಮೂರೂ ದರ್ಜೆಗಳಿಂದ ಬಂತು. 'ಎ' ದರ್ಜೆಯ ಎರಡು: ಮುಂಬಯಿ, ಮದರಾಸು. 'ಬಿ' ದರ್ಜೆಯ ಎರಡು: ಮೈಸೂರು, ಹೈದರಾಬಾದ್. 'ಸಿ' ದರ್ಜೆಯ ಒಂದು: ಕೊಡಗು.

ಜಿಲ್ಲೆಗಳ ಲೆಕ್ಕ ಹೀಗೆ. ಮೈಸೂರಿನ 10 (ಬಳ್ಳಾರಿ ಸೇರಿ). ಮುಂಬಯಿಯಿಂದ 4: ಬೆಳಗಾವಿ, ಬಿಜಾಪುರ, ಧಾರವಾಡ, ಕೆನರಾ ಎಂದಿದ್ದ ಉತ್ತರ ಕನ್ನಡ. ಹೈದರಾಬಾದಿನಿಂದ 3: ಗುಲ್ಬರ್ಗಾ, ರಾಯಚೂರು, ಬೀದರ್. ಮದರಾಸಿನಿಂದ ದಕ್ಷಿಣ ಕನ್ನಡ 1. ಕೊಡಗು 1. ಒಟ್ಟು 19. ಮದರಾಸಿನಿಂದ ಕೊಳ್ಳೇಗಾಲವೂ ಬಂತಲ್ಲ ಎಂದು 20 ಮಾಡಬೇಡಿ. ಕೊಳ್ಳೇಗಾಲ ಜಿಲ್ಲೆಯಲ್ಲ, ಕೊಯಮತ್ತೂರು ಜಿಲ್ಲೆಯ ಒಂದು ತಾಲ್ಲೂಕು. ಬಂದು ಮೈಸೂರು ಜಿಲ್ಲೆಯೊಳಗೆ ಸೇರಿತು.

ಬಳ್ಳಾರಿ 1956ರಲ್ಲಿ ಬಂದದ್ದಲ್ಲ. 1953ರ ಅಕ್ಟೋಬರ್ 1ರಂದು ಮದರಾಸಿನಿಂದ ಆಂಧ್ರ ರಾಜ್ಯ ಬೇರೆಯಾಯಿತಲ್ಲ, ಅಂದೇ ಆ ಜಿಲ್ಲೆಯನ್ನೂ ಹಂಚಿದರು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಉಳಿದದ್ದು ಮೈಸೂರಿಗೆ ಬಂತು. ಸಂಡೂರು ಸಂಸ್ಥಾನ 1949ರಲ್ಲೇ ಮದರಾಸಿನೊಳಗೆ ವಿಲೀನವಾಗಿ ಬಳ್ಳಾರಿ ಜಿಲ್ಲೆಗೆ ಸೇರಿದ್ದರಿಂದ ಅದೂ ಈ ಸಲವೇ ಬಂತು. ಜಮಖಂಡಿ, ಮುಧೋಳ, ಸವಣೂರು, ರಾಮದುರ್ಗದಂಥ ಸಂಸ್ಥಾನಗಳು ಮಾತ್ರ ಮೊದಲು ಮುಂಬಯಿಗೆ ಸೇರಿ, ಅದರ ಜಿಲ್ಲೆಗಳ ಜೊತೆಗೇ 1956ರಲ್ಲಿ ಬಂದವು. "ಅಕ್ಟೋಬರ್ 1, ನವೆಂಬರ್ 1" ಎರಡನ್ನೂ ಒಂದೇ ಪ್ರಶ್ನೆಯ ಆಯ್ಕೆಗಳಲ್ಲಿ ಇಟ್ಟಿದ್ದರೆ ಬಳ್ಳಾರಿ ಎಂಬ ಪದ ಇದೆಯೇ ಎಂದು ಹುಡುಕಿ.

ಇನ್ನು ಬಿಟ್ಟುಹೋದ ತಾಲ್ಲೂಕುಗಳು. ಹೊಂದಿಸಿ ಬರೆಯಿರಿ ಎಂಬ ಪ್ರಶ್ನೆಗೆ ಹೇಳಿ ಮಾಡಿಸಿದ ಭಾಗ ಇದು. ಬೆಳಗಾವಿಯಿಂದ ಚಂದಗಡ ಮುಂಬಯಿ ರಾಜ್ಯದಲ್ಲೇ ಉಳಿಯಿತು. ದಕ್ಷಿಣ ಕನ್ನಡದಿಂದ ಕಾಸರಗೋಡು ಕೇರಳಕ್ಕೆ ಹೋಯಿತು. ಗುಲ್ಬರ್ಗದಿಂದ ಕೊಡಂಗಲ್, ತಾಂಡೂರು, ರಾಯಚೂರಿನಿಂದ ಗದ್ವಾಲ್, ಆಲಂಪುರ ಆಂಧ್ರಪ್ರದೇಶಕ್ಕೆ ಹೋದವು. ಬೀದರಿನಿಂದ ಅಹ್ಮದ್‌ಪುರ, ನಿಲಂಗಾ, ಉದಗೀರ್ ಮುಂಬಯಿ ರಾಜ್ಯಕ್ಕೆ, ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಪಾಲು ಆಂಧ್ರಪ್ರದೇಶಕ್ಕೆ. ಗದ್ವಾಲ್, ತಾಂಡೂರು ಈಗ ಇರುವುದು ತೆಲಂಗಾಣದಲ್ಲಿ. ಪ್ರಶ್ನೆ "1956ರಲ್ಲಿ" ಎಂದಿದ್ದರೆ ಆಂಧ್ರಪ್ರದೇಶ, "ಈಗ" ಎಂದಿದ್ದರೆ ತೆಲಂಗಾಣ.

ದಕ್ಷಿಣ ಕನ್ನಡದಿಂದ ಬಿಟ್ಟುಹೋದ ಇನ್ನೊಂದು ತುಂಡು ಯಾರ ಕಣ್ಣಿಗೂ ಬೀಳುವುದಿಲ್ಲ: ಅಮಿನ್‌ದಿವಿ ದ್ವೀಪಗಳು. ಮಂಗಳೂರಿನಿಂದ ಆಡಳಿತ ನಡೆಯುತ್ತಿದ್ದ ಆ ದ್ವೀಪಗಳು 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶದ ಪಾಲಾದವು. ಇದನ್ನು ನೆನಪಿಡಿ, ಮುಂದಿನ ಭಾಗದಲ್ಲಿ ಬೇಕಾಗುತ್ತದೆ.

1973: ಬದಲಾದದ್ದು ಹೆಸರಷ್ಟೇ

1972ರ ಜುಲೈನಲ್ಲಿ ರಾಜ್ಯದ ಶಾಸಕಾಂಗ ನಿರ್ಣಯ ಮಾಡಿತು. ಹೆಸರು ಬದಲಿಸುವ ಅಧಿಕಾರ ಸಂಸತ್ತಿನದ್ದಾದ್ದರಿಂದ 1973ರಲ್ಲಿ ಅಲ್ಲಿ ಕಾಯ್ದೆ ಆಯಿತು, ನವೆಂಬರ್ 1ರಿಂದ ಜಾರಿ. ಆಗ ಮುಖ್ಯಮಂತ್ರಿ ಡಿ. ದೇವರಾಜ ಅರಸು, ರಾಜ್ಯಪಾಲ ಮೋಹನ್‌ಲಾಲ್ ಸುಖಾಡಿಯಾ. ಒಂದು ಜಿಲ್ಲೆ ಬರಲಿಲ್ಲ, ಒಂದು ಹಳ್ಳಿ ಹೋಗಲಿಲ್ಲ. ಸರಿಯಾಗಿ ಅದೇ ದಿನ, ಇನ್ನೊಂದು ಕಾಯ್ದೆಯಿಂದ, ಲಕ್ಕದೀವ್, ಮಿನಿಕಾಯ್, ಅಮಿನ್‌ದಿವಿ ದ್ವೀಪಗಳಿಗೆ 'ಲಕ್ಷದ್ವೀಪ' ಎಂದು ಹೆಸರಾಯಿತು. 1956ರಲ್ಲಿ ಬೇರೆಯಾದ ಅಮಿನ್‌ದಿವಿ ಮತ್ತು ದಕ್ಷಿಣ ಕನ್ನಡ, 17 ವರ್ಷದ ಮೇಲೆ ಒಂದೇ ಬೆಳಗ್ಗೆ ಹೊಸ ಹೆಸರಿನ ನಾಡುಗಳಲ್ಲಿ ಎದ್ದವು. "1973ರ ನವೆಂಬರ್ 1ರಂದು ಕರ್ನಾಟಕದ ಜೊತೆ ಹೆಸರು ಬದಲಾದದ್ದು ಯಾವುದು?" ಎಂದರೆ ತಮಿಳುನಾಡು ಎಂದು ಗುರುತಿಸುವವರೇ ಹೆಚ್ಚು. ಮದರಾಸು ತಮಿಳುನಾಡಾದದ್ದು 1969ರ ಜನವರಿ 14ರಂದು.

ಎರಡು ಸುವರ್ಣ ಮಹೋತ್ಸವಗಳ ಗೊಂದಲಕ್ಕೂ ಕಾರಣ ಇದೇ. 1956ಕ್ಕೆ 50 ಕೂಡಿದರೆ 2006: ಸುವರ್ಣ ಕರ್ನಾಟಕ, ಅದು ಏಕೀಕರಣದ್ದು. 1973ಕ್ಕೆ 50 ಕೂಡಿದರೆ 2023: ಕರ್ನಾಟಕ ಸಂಭ್ರಮ 50, ಅದು ಹೆಸರಿನದ್ದು.

ಎಷ್ಟನೇ ರಾಜ್ಯೋತ್ಸವ ಎಂಬ ಎಣಿಕೆ ಮಾತ್ರ 1956ರಿಂದಲೇ. ಕಳೆದು ಬರುವ ಸಂಖ್ಯೆಗೆ 1 ಕೂಡಿಸಬೇಕು, ಏಕೆಂದರೆ 1956ನ್ನೇ ಮೊದಲನೆಯದು ಎಂದು ಎಣಿಸುತ್ತಾರೆ. 2023 − 1956 = 67, 1 ಕೂಡಿಸಿ 68ನೇ ರಾಜ್ಯೋತ್ಸವ. ಸ್ವಾತಂತ್ರ್ಯ ದಿನವನ್ನು ಎಣಿಸುವಾಗಲೂ ಇದೇ ಕ್ರಮ. ಮಗು ಹುಟ್ಟಿದ ದಿನವನ್ನೂ ಸೇರಿಸಿ ಹುಟ್ಟುಹಬ್ಬ ಎಣಿಸಿದಂತೆ ಎಂದುಕೊಳ್ಳಿ: ವರ್ಷ ತುಂಬಿದ್ದು 67, ಆ ತಾರೀಖನ್ನು ಕಂಡದ್ದು 68 ಸಲ. ಪ್ರಶ್ನೆಯಲ್ಲಿ "ವರ್ಷ ತುಂಬಿತು" ಎಂದಿದ್ದರೆ 67, "ನೇ" ಎಂದಿದ್ದರೆ 68.

ವಾರದ ತಾಳೆ

ಇಸವಿಯ ಬಗ್ಗೆ ಸಂಶಯ ಬಂದಾಗ, ಪ್ರಶ್ನೆಯಲ್ಲಿ ವಾರ ಕೊಟ್ಟಿದ್ದರೆ, ಅದೇ ಆಸರೆ. ಒಂದೇ ತಾರೀಖು ವರ್ಷಕ್ಕೆ ಒಂದು ದಿನ ಮುಂದೆ ಜರುಗುತ್ತದೆ, ನಡುವೆ ಫೆಬ್ರವರಿ 29 ಬಂದರೆ ಇನ್ನೊಂದು ದಿನ. 1956ರ ನವೆಂಬರ್ 1 ಗುರುವಾರ. ಅಲ್ಲಿಂದ 1973ಕ್ಕೆ 17 ವರ್ಷ. ನಡುವಿನ ಅಧಿಕ ವರ್ಷಗಳು 1960, 64, 68, 72, ಅಂದರೆ 4. ಒಟ್ಟು 21. ಏಳರಿಂದ ಭಾಗಿಸಿದರೆ ಶೇಷ ಸೊನ್ನೆ, ಆದ್ದರಿಂದ 1973ರದ್ದೂ ಗುರುವಾರವೇ. 1966ಕ್ಕೆ 10 + 2 = 12, ಶೇಷ 5: ಗುರುವಾರದಿಂದ ಐದು ದಿನ ಮುಂದೆ, ಮಂಗಳವಾರ. ತಪ್ಪಾಗುವ ಜಾಗ ಒಂದೇ. 1956 ಕೂಡ ಅಧಿಕ ವರ್ಷ, ಆದರೆ ಅದರ ಫೆಬ್ರವರಿ ಆಗಲೇ ಕಳೆದುಹೋಗಿದೆ. ಅದನ್ನು ಲೆಕ್ಕಕ್ಕೆ ಹಿಡಿಯಬಾರದು.

ಇದೇ ದಿನದ ಉಳಿದವು

1956ರಲ್ಲಿ ನಮ್ಮ ಜೊತೆಗೇ ಕೇರಳ, ಆಂಧ್ರಪ್ರದೇಶ ಮತ್ತು ಹೊಸ ಗಡಿಯ ಮಧ್ಯಪ್ರದೇಶ ಬಂದವು. ಕನ್ಯಾಕುಮಾರಿ ತಿರುವಾಂಕೂರು-ಕೊಚ್ಚಿಯಿಂದ ಬಿಡಿಸಿಕೊಂಡು ಮದರಾಸಿಗೆ ಸೇರಿತು.

1966: ಪಂಜಾಬಿನಿಂದ ಹರಿಯಾಣ ಬೇರೆ, ಚಂಡೀಗಢ ಕೇಂದ್ರಾಡಳಿತ. ಹಿಮಾಚಲ ಪ್ರದೇಶ ರಾಜ್ಯವಾದದ್ದು ಅಂದಲ್ಲ. ಅಂದು ಪಂಜಾಬಿನ ಗುಡ್ಡಗಾಡು ಪ್ರದೇಶಗಳು ಅದಕ್ಕೆ ಸೇರಿದವು ಅಷ್ಟೇ. ಅದಕ್ಕೆ ರಾಜ್ಯದ ಸ್ಥಾನ ಸಿಕ್ಕಿದ್ದು 1971ರ ಜನವರಿ 25ರಂದು.

2000: ನವೆಂಬರ್ 1 ಛತ್ತೀಸ್‌ಗಢ, 9 ಉತ್ತರಾಂಚಲ, 15 ಜಾರ್ಖಂಡ್. ಮೂರೂ ಕಾಯ್ದೆಗಳಿಗೆ ಅಂಕಿತ ಒಂದೇ ದಿನ, ಆಗಸ್ಟ್ 25ರಂದು. ಜಾರಿಯ ದಿನ ಮಾತ್ರ ಬೇರೆ ಬೇರೆ. ಮೊದಲ ಭಾಗದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. 15 ಬಿರ್ಸಾ ಮುಂಡಾ ಅವರ ಜನ್ಮದಿನ ಎಂದು ನೆನಪಿಟ್ಟರೆ ಜಾರ್ಖಂಡ್ ತಪ್ಪುವುದಿಲ್ಲ.

1913: ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ವಲಸೆ ಹೋಗಿದ್ದ ಭಾರತೀಯ ಕ್ರಾಂತಿಕಾರಿಗಳ 'ಗದರ್' ಪತ್ರಿಕೆಯ ಮೊದಲ ಸಂಚಿಕೆ, ಉರ್ದುವಿನಲ್ಲಿ. ಗುರುಮುಖಿ ಆವೃತ್ತಿ ಬಂದದ್ದು ಆಮೇಲೆ.

1858: ಅಲಹಾಬಾದಿನಲ್ಲಿ ಗವರ್ನರ್ ಜನರಲ್ ಲಾರ್ಡ್ ಕ್ಯಾನಿಂಗ್ ವಿಕ್ಟೋರಿಯಾ ರಾಣಿಯ ಘೋಷಣೆ ಓದಿದ ದಿನ. ಈಸ್ಟ್ ಇಂಡಿಯಾ ಕಂಪನಿಯಿಂದ ಆಡಳಿತ ಕಿತ್ತುಕೊಂಡ ಕಾಯ್ದೆಗೆ ಅಂಕಿತ ಆಗಸ್ಟ್ 2ರಂದೇ ಬಿದ್ದಿತ್ತು. ಕಂಪನಿ ಎಂಬ ಸಂಸ್ಥೆ ವಿಸರ್ಜನೆಯಾದದ್ದು 1874ರ ಜೂನ್ 1ರಂದು. "ಆಡಳಿತ ಹೋಯಿತು", "ಸಾರಿ ಹೇಳಿದರು", "ಕಂಪನಿಯೇ ಇಲ್ಲವಾಯಿತು": ಮತ್ತೆ ಕ್ರಿಯಾಪದ ನೋಡಿ.

1954: ಪಾಂಡಿಚೇರಿ. ಅಕ್ಟೋಬರ್ 18ರಂದು ಕೀಳೂರಿನಲ್ಲಿ 178 ಪ್ರತಿನಿಧಿಗಳು ಮತ ಹಾಕಿದರು, 170 ಜನ ಭಾರತದ ಕಡೆ. ನವೆಂಬರ್ 1ರಂದು ಆಡಳಿತ ಭಾರತದ ಕೈಗೆ ಬಂತು. ಆದರೆ ಕಾನೂನಿನ ಲೆಕ್ಕದಲ್ಲಿ ನೆಲ ಇನ್ನೂ ಫ್ರಾನ್ಸಿನದ್ದೇ. ಒಪ್ಪಂದಕ್ಕೆ ಸಹಿ 1956ರ ಮೇ 28ರಂದು, ಫ್ರೆಂಚ್ ಸಂಸತ್ತಿನ ಒಪ್ಪಿಗೆಯ ನಂತರ ಅದು ಜಾರಿಗೆ ಬಂದದ್ದು 1962ರ ಆಗಸ್ಟ್ 16ರಂದು. ಅದಕ್ಕೇ ಪುದುಚೇರಿಯವರು ನವೆಂಬರ್ 1ನ್ನು ವಿಮೋಚನಾ ದಿನವೆಂದೂ ಆಗಸ್ಟ್ 16ನ್ನು ಕಾನೂನುಬದ್ಧ ಹಸ್ತಾಂತರದ ದಿನವೆಂದೂ ಬೇರೆ ಬೇರೆಯಾಗಿ ಆಚರಿಸುತ್ತಾರೆ.