ಬೆಲೆ ರೂಪಾಯಿಯಲ್ಲಿ, ಅಂಗಡಿ ಹೊರದೇಶದಲ್ಲಿ: ಕಾರ್ಡ್ ಶುಲ್ಕ ಬೆಳೆದು ಬಂದ ದಾರಿ

ಜಪಾನಿನ ಸವರುಗತ್ತರಿ ತರಿಸಿಕೊಳ್ಳುವ ಶಿರಸಿಯ ತೋಟಿಗರು, ವಿದೇಶಿ ತಂತ್ರಾಂಶಕ್ಕೆ ವಾರ್ಷಿಕ ಚಂದಾ ಕಟ್ಟುವ ಕಾರವಾರದ ವಿದ್ಯಾರ್ಥಿಗಳು, ಹೊರದೇಶದ ಜಾಲತಾಣಕ್ಕೆ ಜಾಹೀರಾತಿನ ಹಣ ಪಾವತಿಸುವ ಗೋಕರ್ಣದ ಹೋಂಸ್ಟೇ ಮಾಲೀಕರು, ಇವರೆಲ್ಲರೂ ಕೇಳುವ ಪ್ರಶ್ನೆ ಒಂದೇ. ಕೊಳ್ಳುವಾಗ ಕಂಡ ಮೊತ್ತಕ್ಕಿಂತ ಕಾರ್ಡಿನ ಲೆಕ್ಕಪಟ್ಟಿಯಲ್ಲಿ ಬಂದ ಮೊತ್ತ ಹೆಚ್ಚಾಗಿರುವುದೇಕೆ? ಬೆಲೆಯನ್ನು ರೂಪಾಯಿಯಲ್ಲೇ ನಮೂದಿಸಿದ್ದರೂ ಶುಲ್ಕ ಬಿದ್ದಾಗ ಗೊಂದಲ ಇನ್ನಷ್ಟು ಹೆಚ್ಚುತ್ತದೆ. ಬೆಲೆ ಯಾವ ಕರೆನ್ಸಿಯಲ್ಲಿದೆ ಎಂಬುದರ ಜೊತೆಗೆ ಅಂಗಡಿಯ ವ್ಯವಹಾರ ಯಾವ ದೇಶದಲ್ಲಿ ನೋಂದಣಿಯಾಗಿದೆ ಎಂಬುದೂ ಈ ಶುಲ್ಕವನ್ನು ನಿರ್ಧರಿಸುತ್ತದೆ.

ಮೊದಲು ಹೀಗಿರಲಿಲ್ಲ. ವೀಸಾ, ಮಾಸ್ಟರ್‌ಕಾರ್ಡ್ ಜಾಲಗಳು ಕರೆನ್ಸಿ ಬದಲಾಯಿಸಿಕೊಟ್ಟದ್ದಕ್ಕಾಗಿ ಶೇ 1ರಷ್ಟು ಪಡೆಯುತ್ತಿದ್ದವು. ಅದರ ಮೇಲೆ ಕಾರ್ಡ್ ನೀಡಿದ ಬ್ಯಾಂಕುಗಳು ತಮ್ಮ ಪಾಲನ್ನು ಸೇರಿಸುತ್ತಿದ್ದವು. ಎಷ್ಟೋ ಸಲ ಇವೆರಡೂ ವಿನಿಮಯ ದರದೊಳಗೇ ಅಡಗಿರುತ್ತಿದ್ದುದರಿಂದ ಗ್ರಾಹಕರ ಕಣ್ಣಿಗೆ ಬೀಳುತ್ತಿರಲಿಲ್ಲ. ಈ ಶುಲ್ಕವನ್ನು ಒಳಒಪ್ಪಂದದಿಂದ ನಿಗದಿ ಮಾಡಿ ಮರೆಮಾಚಲಾಗಿದೆ ಎಂದು ಅಮೆರಿಕದ ಗ್ರಾಹಕರು ನ್ಯಾಯಾಲಯಕ್ಕೆ ಹೋದರು. 2006ರಲ್ಲಿ ಜಾಲಗಳೂ ಬ್ಯಾಂಕುಗಳೂ 33.6 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡವು. ಅಲ್ಲಿಂದ ಶುಲ್ಕವನ್ನು ಪ್ರತ್ಯೇಕವಾಗಿ ತೋರಿಸುವ ರೂಢಿ ಬೆಳೆಯಿತೇ ಹೊರತು ಶುಲ್ಕ ಹೋಗಲಿಲ್ಲ. ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಕರೆನ್ಸಿ ಬದಲಾಗದಿದ್ದರೂ ವ್ಯವಹಾರ ಗಡಿ ದಾಟಿತೆಂಬ ಕಾರಣಕ್ಕೇ ಶುಲ್ಕ ಹಾಕುವ ಪದ್ಧತಿ ಶುರುವಾಯಿತು. ಇಂದಿನ ಗೊಂದಲದ ಬೇರು ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಭಾರತದಲ್ಲಿ ವಿದೇಶಿ ಹಣದ ವ್ಯವಹಾರವನ್ನು ಬಿಗಿಯಾಗಿ ನಿಯಂತ್ರಿಸುತ್ತಿದ್ದ 1973ರ ಫೆರಾ ಕಾಯ್ದೆಯ ಕಾಲಕ್ಕೆ ವಿದೇಶಿ ವಿನಿಮಯವೇ ಸಾಮಾನ್ಯರ ಕೈಗೆಟುಕದ ವಸ್ತುವಾಗಿತ್ತು. 2000ದ ಜೂನ್‌ನಲ್ಲಿ ಅದರ ಬದಲಿಗೆ ಫೆಮಾ ಕಾಯ್ದೆ ಜಾರಿಗೆ ಬಂದು ಕಟ್ಟು ಸಡಿಲವಾಯಿತು. ಆನ್‌ಲೈನ್ ಕಾರ್ಡ್ ಪಾವತಿಗೆ ಹೆಚ್ಚುವರಿ ದೃಢೀಕರಣವನ್ನು (ಗುಪ್ತಪದ ಅಥವಾ ಒಟಿಪಿಯಂಥದ್ದು) ರಿಸರ್ವ್ ಬ್ಯಾಂಕ್ 2009ರ ಆಗಸ್ಟ್‌ನಿಂದ ಕಡ್ಡಾಯಗೊಳಿಸಿತಾದರೂ ಹೊರದೇಶದ ಅಂಗಡಿಗಳು ಅದರ ವ್ಯಾಪ್ತಿಗೆ ಬರಲಿಲ್ಲ. ಈ ಸಂದನ್ನು ಬಳಸಿಕೊಂಡು ಭಾರತದೊಳಗೇ ಸೇವೆ ಕೊಡುತ್ತಿದ್ದ ಕೆಲವು ಕಂಪನಿಗಳು ಪಾವತಿಯನ್ನು ವಿದೇಶಿ ಬ್ಯಾಂಕುಗಳ ಮೂಲಕ ಸಾಗಿಸತೊಡಗಿದಾಗ, ದೇಶದೊಳಗಿನ ಸರಕು ಸೇವೆಗಳ ಪಾವತಿ ಭಾರತದ ಬ್ಯಾಂಕುಗಳ ಮೂಲಕ ರೂಪಾಯಿಯಲ್ಲೇ ಇತ್ಯರ್ಥವಾಗಬೇಕೆಂದು 2014ರ ಆಗಸ್ಟ್‌ನಲ್ಲಿ ಆದೇಶ ಹೊರಬಿತ್ತು. ನಿಜವಾಗಿಯೂ ಹೊರದೇಶದಲ್ಲಿರುವ ಅಂಗಡಿಗಳ ವಿಷಯ ಇದ್ದಂತೆಯೇ ಉಳಿಯಿತು. 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನು ಗ್ರಾಹಕರೇ ಕೇಳಿ ತೆರೆಸಿಕೊಳ್ಳಬೇಕಾಗಿದೆ. ಅನೇಕರ ಮೊದಲ ಪಾವತಿ ವಿಫಲವಾಗುವುದು ಇದರಿಂದಲೇ. ವಿದೇಶ ಪ್ರವಾಸದಲ್ಲಿ ಮಾಡುವ ಕ್ರೆಡಿಟ್ ಕಾರ್ಡ್ ಖರ್ಚನ್ನು, ನಿವಾಸಿಗಳು ವರ್ಷಕ್ಕೆ ಇಂತಿಷ್ಟು ಹಣವನ್ನು ವಿದೇಶಕ್ಕೆ ಕಳಿಸಲು ಅವಕಾಶ ಕೊಡುವ ಹಣ ರವಾನೆ ಯೋಜನೆಯೊಳಗೆ ತರಲು 2023ರ ಮೇ ತಿಂಗಳಲ್ಲಿ ಹೊರಟ ಕೇಂದ್ರ ಸರ್ಕಾರ ಜೂನ್ 28ರಂದು ಅದನ್ನು ಮುಂದೂಡಿತು. ಅದು ಮೂಲದಲ್ಲಿ ವಸೂಲು ಮಾಡುವ ತೆರಿಗೆಯ ವಿಚಾರ, ಈ ಶುಲ್ಕದ್ದಲ್ಲ. ಆದರೂ ಮಾತಿನಲ್ಲಿ ಎರಡೂ ಬೆರೆತುಹೋಗುವುದುಂಟು.

ಲೆಕ್ಕ ಹಾಕಿದರೆ ವಿಷಯ ತಿಳಿಯಾಗುತ್ತದೆ. ನಮ್ಮ ಹೆಚ್ಚಿನ ಕಾರ್ಡುಗಳಲ್ಲಿ ವಿದೇಶಿ ಕರೆನ್ಸಿಯ ಮಾರ್ಕ್‌ಅಪ್, ಅಂದರೆ ಬ್ಯಾಂಕು ಮೇಲೆ ಸೇರಿಸುವ ಶುಲ್ಕ, ಶೇ 2ರಿಂದ 3.5ರವರೆಗೆ ಇರುತ್ತದೆ, ಅದರ ಮೇಲೆ ಶೇ 18 ಜಿಎಸ್‌ಟಿ. ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಂಡರೆ 100 ಡಾಲರಿನ ಕತ್ತರಿಗೆ 8,500 ರೂಪಾಯಿ; ಶೇ 3.5ರಂತೆ ಮಾರ್ಕ್‌ಅಪ್ 297.50, ಅದರ ಜಿಎಸ್‌ಟಿ 53.55; ಒಟ್ಟು 8,851 ರೂಪಾಯಿ 5 ಪೈಸೆ. ಇದನ್ನು ತಪ್ಪಿಸಲೆಂದು ಅಂಗಡಿ ತೋರಿಸುವ ‘ರೂಪಾಯಿಯಲ್ಲೇ ಪಾವತಿಸಿ’ ಎಂಬ ಆಯ್ಕೆಯನ್ನು ಒತ್ತುವವರು ಬಹಳ. ಆದರೆ ಅಲ್ಲಿ ವಿನಿಮಯ ದರ ಹಾಕುವುದು ಅಂಗಡಿ ಅಥವಾ ಅದರ ಪಾವತಿ ಸಂಸ್ಥೆ, ಲಾಭಾಂಶವನ್ನೂ ಅದರಲ್ಲೇ ಸೇರಿಸಿರುತ್ತಾರೆ. ಸಾಲದ್ದಕ್ಕೆ, ವಿದೇಶದಲ್ಲಿ ನೋಂದಣಿಯಾದ ಅಂಗಡಿಗೆ ರೂಪಾಯಿಯಲ್ಲಿ ಪಾವತಿಸಿದರೂ ನಮ್ಮ ಹಲವು ಬ್ಯಾಂಕುಗಳು ಶೇ 1ರ ಆಸುಪಾಸಿನ ಶುಲ್ಕವನ್ನೂ ಅದರ ಜಿಎಸ್‌ಟಿಯನ್ನೂ ವಿಧಿಸುತ್ತವೆ. ಹೀಗಾಗಿ ಡಾಲರಿನಲ್ಲಿ ಕೊಟ್ಟದ್ದೇ ಅಗ್ಗವಾಗುವ ಸಂದರ್ಭಗಳು ಕಡಿಮೆಯೇನಲ್ಲ. ಇಂಥ ಪರಿವರ್ತನೆಯಲ್ಲಿ ಎಷ್ಟು ಶೇಕಡಾ ಹೆಚ್ಚುವರಿ ಸೇರಿದೆ ಎಂಬುದನ್ನು ಪಾವತಿಗೆ ಮೊದಲೇ ತಿಳಿಸಬೇಕೆಂದು ಐರೋಪ್ಯ ಒಕ್ಕೂಟ 2019ರಲ್ಲಿ ನಿಯಮ ಮಾಡಿತು. ಶುಲ್ಕಪಟ್ಟಿಯನ್ನು ಬ್ಯಾಂಕಿನ ಜಾಲತಾಣದ ಮೂಲೆಯಲ್ಲಿ ಪ್ರಕಟಿಸುವುದು ಅದಕ್ಕೆ ಸಮನಾಗಲಾರದು.

ಶುಲ್ಕದಿಂದ ಪಾರಾಗುವ ದಾರಿಗಳಿಲ್ಲವೆಂದಲ್ಲ. ಮಾರ್ಕ್‌ಅಪ್ ಇಲ್ಲದ ಕಾರ್ಡುಗಳನ್ನು ಕೆಲವು ಬ್ಯಾಂಕುಗಳು ಕೊಡುತ್ತವೆ. ಗಡಿಯಾಚೆಯ ವ್ಯವಹಾರ ನಡೆಸುವ ಪಾವತಿ ಸಂಸ್ಥೆಗಳಿಗೆ ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಪ್ರತ್ಯೇಕ ಚೌಕಟ್ಟು ರೂಪಿಸಿತು. ವಿದೇಶಿ ಅಂಗಡಿ ಅಂಥ ಸಂಸ್ಥೆಯ ಮೂಲಕ ಭಾರತದಲ್ಲೇ ರೂಪಾಯಿ ಸ್ವೀಕರಿಸಿದರೆ ಕಾರ್ಡಿನ ಮಟ್ಟಿಗೆ ಅದು ದೇಶೀಯ ವ್ಯವಹಾರವಾಗುತ್ತದೆ. ತರಿಸಿದ ಸರಕನ್ನು ಹಿಂದಿರುಗಿಸುವವರು ಮಾತ್ರ ಇನ್ನೊಂದು ಸಂಗತಿಯನ್ನು ಗಮನಿಸಬೇಕು: ವಿದೇಶಿ ಕರೆನ್ಸಿಯ ಮರುಪಾವತಿ ಲೆಕ್ಕವಾಗುವುದು ಹಣ ಮರಳುವ ದಿನದ ದರದಲ್ಲಿ, ಕೊಂಡ ದಿನದ ದರದಲ್ಲಲ್ಲ, ಮತ್ತು ಒಮ್ಮೆ ಕಟ್ಟಿದ ಮಾರ್ಕ್‌ಅಪ್ ಸಾಮಾನ್ಯವಾಗಿ ಹಿಂದಿರುಗಿ ಬರುವುದಿಲ್ಲ.