ಕಸುಬ್ಹಾ ಅಂದ್ರೆ ನಮ್ಮ ಕುಸುಬೆಯೇನಾ?

ಪ್ರಶ್ನೆ: ಫಿಲಿಪ್ಪೀನ್ಸ್‌ನಲ್ಲಿ ಅನ್ನದ ಗಂಜಿ ಮೇಲೆ ಕೆಂಪು ಎಳೆ ಉದುರಿಸುತ್ತಾರೆ. ಅದಕ್ಕೆ ‘ಕಸುಬ್ಹಾ’ ಅಂತಾರಂತೆ. ಇದು ನಮ್ಮ ಕುಸುಬೆಯೇನಾ, ಅಥವಾ ಸುಮ್ನೆ ಹೆಸರು ಹೊಂದಿಕೊಂಡಿದೆಯಾ?

ಉತ್ತರ: ಅದೇ ಕುಸುಬೆ. ವಿಜಯಪುರ, ಕಲಬುರಗಿ ಕಡೆ ಎಣ್ಣೆಗೆಂದು ಬೆಳೆಯುವ ಮುಳ್ಳುಗಿಡದ ಹೂವಿನ ಎಸಳು. ಸಂಸ್ಕೃತದ ‘ಕುಸುಂಭ’ ನಮ್ಮಲ್ಲಿ ಕುಸುಬೆ ಆಯಿತು. ಮಲಯ ಭಾಷೆಯಲ್ಲಿ ‘ಕೆಸುಂಬಾ’ ಆಯಿತು. ಅಲ್ಲಿಂದ ಫಿಲಿಪ್ಪೀನ್ಸ್‌ನ ತಗಾಲೋಗ್ ಭಾಷೆಗೆ ಹೋಗಿ ‘ಕಸುಬ್ಹಾ’.

ಒಂದು ತಮಾಷೆ ನೋಡಿ. ಎಳೆ ಕೆಂಪಗಿದ್ದರೂ ಗಂಜಿ ಹಳದಿಯಾಗುತ್ತದೆ. ಕುಸುಬೆ ಹೂವಲ್ಲಿ ಎರಡು ಬಣ್ಣ ಇರುತ್ತವೆ. ಹಳದಿ ನೀರಿಗೆ ಸಲೀಸಾಗಿ ಬಿಡುತ್ತದೆ, ಕೆಂಪು ಬಿಡುವುದಿಲ್ಲ. ಬಟ್ಟೆಗೆ ಕೆಂಪು ಬೇಕಿದ್ದವರು ಎಸಳನ್ನು ತೊಳೆತೊಳೆದು ಹಳದಿಯನ್ನು ಚೆಲ್ಲುತ್ತಿದ್ದರು. ಆಮೇಲೆ ಬೂದಿನೀರಲ್ಲಿ ನೆನೆಸಿ, ಹುಳಿ ಹಾಕಿ ಕೆಂಪನ್ನು ಬಟ್ಟೆಗೆ ಹಿಡಿಸುತ್ತಿದ್ದರು. ಗಂಜಿ ಮಾಡುವವರಿಗೆ ಇಷ್ಟು ಪಾಡು ಬೇಕಿಲ್ಲ. ದುಬಾರಿ ಕೇಸರಿಯ ಬದಲು ಅಗ್ಗದ ಕಸುಬ್ಹಾ ಸಾಕು.

ನಮ್ಮ ಕಡೆಯ ನಂಟು ಇನ್ನೊಂದು ಹೆಸರಲ್ಲೂ ಇದೆ. ಕೇರಳದ ಹೋಟೆಲ್‌ಗಳಲ್ಲಿ ಗುಲಾಬಿ ಬಣ್ಣದ ಬಿಸಿನೀರು ಕೊಡುತ್ತಾರಲ್ವಾ, ಆ ಚೆಕ್ಕೆಯ ಮರ ಸಪ್ಪಂಗ. ತಗಾಲೋಗ್‌ನಲ್ಲಿ ಅದು ‘ಸಪಾಂಗ್’. ಆ ಪದದ ಬೇರು ದಕ್ಷಿಣ ಭಾರತದ್ದೇ ಇರಬೇಕು ಅಂತಾರೆ. ಇದೇ ಮರಕ್ಕೆ ‘ಸಿಬುಕಾವ್’ ಅನ್ನುವ ಅಲ್ಲಿನ ಹೆಸರೂ ಇದೆ. 19ನೇ ಶತಮಾನದಲ್ಲಿ ಇದರ ಕಟ್ಟಿಗೆ ಹಡಗು ಹತ್ತಿ ಹೊರದೇಶಗಳಿಗೆ ಹೋಗುತ್ತಿತ್ತು.

ಹಾಗಂತ ಎಲ್ಲ ಕೆಂಪೂ ನಮ್ಮ ದಿಕ್ಕಿಂದ ಹೋಗಿದ್ದಲ್ಲ. ಕರೆ-ಕರೆ ಅನ್ನುವ ಸಾರಿಗೆ ಕೆಂಪು ಕೊಡುವ ಬೀಜ ‘ಅತ್ಸುವೆತೆ’. ಅದು ಮೆಕ್ಸಿಕೊದ ನಾವಾತ್ಲ್ ಭಾಷೆಯ ಪದ, ಸ್ಪ್ಯಾನಿಷ್ ಬಾಯಲ್ಲಿ ‘ಅಚಿಯೋತೆ’ ಆಗಿ ಬಂದದ್ದು. 1565ರಿಂದ 1815ರವರೆಗೆ ಮನಿಲಾ ಮತ್ತು ಮೆಕ್ಸಿಕೊದ ಅಕಾಪುಲ್ಕೊ ಬಂದರಿನ ನಡುವೆ ಸ್ಪೇನ್‌ನ ಹಡಗುಗಳು ಓಡಾಡುತ್ತಿದ್ದವು.

ಫಿಲಿಪ್ಪೀನ್ಸ್‌ನ ಲೇಕ್ ಸೆಬು ಊರಿನ ತ್‌ಬೋಲಿ ಬುಡಕಟ್ಟಿನ ಹೆಂಗಸರು ಅಬಾಕಾ ಅನ್ನುವ ಬಾಳೆಜಾತಿ ಗಿಡದ ನಾರಿನಿಂದ ‘ತ್‌ನಲಾಕ್’ ಬಟ್ಟೆ ನೇಯುತ್ತಾರೆ. ಅದರ ಕೆಂಪು ಬರುವುದು ‘ಲೊಕೊ’ ಅನ್ನುವ ಗಿಡದ ಬೇರಿನಿಂದ. ಗಿಡ ಯಾವುದು ಗೊತ್ತಾ? ಈಗ ಬಾಟಲಿಯಲ್ಲಿ ಜ್ಯೂಸ್ ಮಾರುತ್ತಾರಲ್ಲ, ಆ ನೋನಿ.

ಬಣ್ಣದ ಹೆಸರಂತೂ ಪೂರ್ತಿ ಫಿಲಿಪ್ಪೀನ್ಸ್‌ನವರದ್ದೇ. ಅಲ್ಲಿನ ತಗಾಲೋಗ್, ಸೆಬುವಾನೊ ಎರಡೂ ಭಾಷೆಗಳಲ್ಲಿ ಕೆಂಪು ಅಂದರೆ ‘ಪುಲಾ’. ಅಲ್ಲಿನದೇ ಕಪಂಪಾಂಗನ್ ಭಾಷೆಯವರು ಮಾತ್ರ ‘ಮಲುತು’ ಅನ್ನುತ್ತಾರೆ. ಇನ್ನು ಮೊಟ್ಟೆ ಒಡೆದಾಗ ನಮಗೆ ಹಳದಿ ಕಾಣುತ್ತದಲ್ಲ, ತಗಾಲೋಗ್‌ನಲ್ಲಿ ಅದೂ ‘ಪುಲಾ’ನೇ!