ಡಿಸ್ಕ್ ಜಾರಿಲ್ಲ, ಸೀಳಿದೆ

ಸೊಂಟ ಹಿಡಿದು ಒಂದು ಕಾಲಿಗೆ ಸೆಳೆತ ಇಳಿಯಿತೆಂದರೆ ಮನೆಯವರೂ ಮೆಡಿಕಲ್ ಸ್ಟೋರಿನವರೂ ಹೇಳುವುದು ಒಂದೇ ಮಾತು: ‘ಡಿಸ್ಕ್ ಜಾರಿರಬೇಕು’. ಡಿಸ್ಕ್ ಎಂದರೆ ಬೆನ್ನಿನ ಎರಡು ಮೂಳೆಗಳ ನಡುವಿನ ಮೆತ್ತೆ. ಈ ‘ಜಾರು’ ಎಂಬ ಪದದಿಂದ ಆಗಿರುವ ಹಾನಿ ಅಷ್ಟಿಷ್ಟಲ್ಲ. ಜಾರಿದ್ದನ್ನು ಒತ್ತಿ ಕೂರಿಸಬಹುದು ಎಂಬ ನಂಬಿಕೆ ಅದರ ಹಿಂದೆಯೇ ಬರುತ್ತದೆ. ಬೆನ್ನು ತುಳಿಸುವುದು, ಉಳುಕು ತೆಗೆಸುವುದು, ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಳ್ಳುವುದು ಎಲ್ಲಕ್ಕೂ ಆ ನಂಬಿಕೆ ಬಲ ಕೊಡುತ್ತದೆ. ಡಿಸ್ಕ್ ಜಾರುವುದಿಲ್ಲ. ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ಅದರ ನಾರುಗಳು ಬೇರೂರಿರುತ್ತವೆ. ಆಗುವುದು ಸೀಳು.

ಡಿಸ್ಕಿನ ಹೊರಬಳೆಯಲ್ಲಿ 15ರಿಂದ 25 ಪದರಗಳಿವೆ. ಒಂದು ಪದರದ ನಾರುಗಳು ಸುಮಾರು 30 ಡಿಗ್ರಿ ಓರೆಯಾಗಿ ಬಲಕ್ಕೆ ಓಡಿದರೆ, ಮುಂದಿನ ಪದರದವು ಅಷ್ಟೇ ಓರೆಯಾಗಿ ಎಡಕ್ಕೆ. ಲಾರಿ ಟೈರಿನೊಳಗಿನ ದಾರದ ಪದರಗಳನ್ನು ಒಂದರ ಮೇಲೊಂದು ಅಡ್ಡಡ್ಡ ಹಾಸಿರುತ್ತಾರಲ್ಲ, ಹಾಗೆ. ನಡುವೆ ಇರುವ ತಿರುಳು ಎಳೆಯ ತಾಟಿನುಂಗಿನಂಥದ್ದು. ಹರೆಯದಲ್ಲಿ ಅದರ ಶೇ. 80ರಷ್ಟು ಬರೀ ನೀರು. ನೆನೆಸಿದ ಕಾಮಕಸ್ತೂರಿ ಬೀಜ ಸುತ್ತಲೂ ನೀರು ಹಿಡಿದು ಉಬ್ಬುವಂತೆ, ತಿರುಳಿನ ಅಣುಗಳೂ ನೀರನ್ನು ಕಟ್ಟಿಹಾಕುತ್ತವೆ. ಮೇಲಿಂದ ಭಾರ ಬಿದ್ದಾಗ ತಿರುಳು ಎಲ್ಲ ದಿಕ್ಕಿಗೂ ಒತ್ತುತ್ತದೆ, ಬಳೆ ಬಿಗಿದು ತಡೆಯುತ್ತದೆ. ಆದರೆ ಸೊಂಟವನ್ನು ತಿರುಚಿದಾಗ ಒಂದು ದಿಕ್ಕಿನ ನಾರುಗಳು ಮಾತ್ರ ಬಿಗಿಯಾಗಿ ಉಳಿದವು ಸಡಿಲಾಗುತ್ತವೆ. ಆಗ ಬಳೆಯ ಬಲ ಅರ್ಧಕ್ಕೆ ಇಳಿದಂತೆ. ಜರ್ಮನಿಯ ಸಂಶೋಧಕರು ಬದುಕಿರುವ ಸ್ವಯಂಸೇವಕರೊಬ್ಬರ ಡಿಸ್ಕಿನೊಳಗೇ ಒತ್ತಡಮಾಪಕ ಇಳಿಸಿ ಅಳೆದು, 1999ರಲ್ಲಿ ಅಂಕಿ ಪ್ರಕಟಿಸಿದರು: ಸುಮ್ಮನೆ ನಿಂತಾಗ 0.5 ಮೆಗಾಪಾಸ್ಕಲ್, ಬೆನ್ನು ಬಗ್ಗಿಸಿ 20 ಕೆ.ಜಿ. ಎತ್ತಿದಾಗ 2.3, ಮಂಡಿ ಮಡಿಸಿ ಎತ್ತಿದಾಗ 1.7. ಬಗ್ಗಿ, ತಿರುಗಿ, ಅಕ್ಕಿಮೂಟೆ ಎತ್ತುವಾಗ ಏನಾಗುತ್ತದೆಂದು ಇದರಿಂದ ಊಹಿಸಬಹುದು.

ಬಳೆಯ ಹಿಂಭಾಗಕ್ಕೆ ಉದ್ದನೆಯ ಕಟ್ಟುಪಟ್ಟಿಯೊಂದರ ಆಸರೆಯಿದೆ. ಅದು ನಡುವೆ ದಪ್ಪ, ಬದಿಗಳಲ್ಲಿ ತೆಳು. ಹಾಗಾಗಿ ತಿರುಳು ಹೆಚ್ಚಾಗಿ ಹಿಂದಕ್ಕೆ, ಒಂದು ಬದಿಗೆ ನುಗ್ಗುತ್ತದೆ. ನರದ ಬೇರು, ಅಂದರೆ ಬೆನ್ನುಹುರಿಯಿಂದ ಹೊರಡುವ ನರದ ಬುಡ, ಇರುವುದೂ ಅಲ್ಲೇ. ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ ನಡುವಿನ ಡಿಸ್ಕ್ ಸೀಳಿದರೆ ಸಾಮಾನ್ಯವಾಗಿ ಪೆಟ್ಟು ಬೀಳುವುದು ನಾಲ್ಕನೇ ನರಕ್ಕಲ್ಲ, ಐದನೆಯದಕ್ಕೆ. ನಾಲ್ಕನೆಯದು ಡಿಸ್ಕಿನ ಮಟ್ಟಕ್ಕಿಂತ ಮೇಲೆಯೇ ಹೊರಬಿದ್ದಿರುತ್ತದೆ. ಐದನೆಯದು, ಮುಂದಿನ ಸ್ಟಾಪಿನಲ್ಲಿ ಇಳಿಯಲು ಈಗಲೇ ಬಸ್ಸಿನ ಬಾಗಿಲಿಗೆ ಬಂದು ನಿಂತವರ ಹಾಗೆ, ಡಿಸ್ಕಿಗೆ ಒತ್ತಿಕೊಂಡೇ ಹಾದುಹೋಗುತ್ತದೆ.

ಹಾಗಾಗಿ ಪಾದ ನೋಡಿದರೆ ಯಾವ ನರವೆಂದು ತಿಳಿಯುತ್ತದೆ. ಸೊಂಟದ ಐದನೇ ನರ ಸೋತರೆ ಹೆಬ್ಬೆರಳನ್ನು ಮೇಲೆತ್ತುವ ಬಲ ಕುಂದುತ್ತದೆ, ಪಾದದ ಮೇಲ್ಭಾಗ ಮರಗಟ್ಟುತ್ತದೆ, ಚಪ್ಪಲಿ ಕಾಲಿನಿಂದ ಕಳಚಿದ್ದೂ ತಿಳಿಯುವುದಿಲ್ಲ, ಹೊಸ್ತಿಲಿಗೆ ಕಾಲ್ಬೆರಳು ತಾಗುತ್ತದೆ. ಅದರ ಕೆಳಗಿನ ನರ ಸೋತರೆ ಕಿರುಬೆರಳಿನ ಕಡೆಯ ಅಂಚು ಮರಗಟ್ಟಿ, ತುದಿಗಾಲಲ್ಲಿ ನಿಲ್ಲಲಾಗುವುದಿಲ್ಲ. ಪರೀಕ್ಷೆ ಮನೆಯಲ್ಲೇ ಸಾಧ್ಯ. ಯಾರಾದರೂ ಪಕ್ಕದಲ್ಲಿರಲಿ. ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆಯಿರಿ. ಆಮೇಲೆ ಗೋಡೆ ಹಿಡಿದು, ಒಂದೊಂದೇ ಕಾಲಲ್ಲಿ ಹತ್ತು ಸಲ ತುದಿಗಾಲಿಗೆ ಏಳಿ. ಎರಡೂ ಕಾಲುಗಳನ್ನು ಹೋಲಿಸಿ. ಎರಡೂ ಪಾದಗಳು ಕಾಲುಚೀಲ ತೊಟ್ಟಂತೆ ಸಮನಾಗಿ ಜೋಮು ಹಿಡಿದಿದ್ದರೆ ಡಿಸ್ಕಿಗಿಂತ ಮೊದಲು ಸಕ್ಕರೆ ಕಾಯಿಲೆಯನ್ನು ಅನುಮಾನಿಸಬೇಕು.

ಇಲ್ಲಿ ಚರಿತ್ರೆಯ ಒಂದು ತುಣುಕು ಹೇಳದೆ ಇರಲಾರೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಶಸ್ತ್ರವೈದ್ಯರು ಬೆನ್ನುಹುರಿಯ ನಾಳದಿಂದ ತೆಗೆಯುತ್ತಿದ್ದ ಬಿಳಿ ಚೂರುಗಳನ್ನು ಮೃದ್ವಸ್ಥಿಯ ಗಡ್ಡೆ ಎಂದೇ ಬರೆದಿಡುತ್ತಿದ್ದರು. ಬೋಸ್ಟನ್ನಿನ ಶಸ್ತ್ರವೈದ್ಯರಾದ ಮಿಕ್ಸ್ಟರ್ ಮತ್ತು ಬಾರ್ ಅಂಥ ಹಳೆಯ ಮಾದರಿಗಳನ್ನು ಮತ್ತೆ ಸೂಕ್ಷ್ಮದರ್ಶಕದಲ್ಲಿ ನೋಡಿ, ಹೆಚ್ಚಿನವು ಗಡ್ಡೆಯಲ್ಲ, ಡಿಸ್ಕಿನದೇ ಚೂರು ಎಂದು 1934ರಲ್ಲಿ ಪ್ರಕಟಿಸಿದರು. ಅಲ್ಲಿಂದ ಮುಂದೆ ಎಲ್ಲರೂ ಕಾಲಿನ ನೋವಿಗೆ ಚೂರು ನರವನ್ನು ಒತ್ತುವುದೊಂದೇ ಕಾರಣವೆಂದುಕೊಂಡರು. 1993ರಲ್ಲಿ ಸ್ವೀಡನ್ನಿನ ಸಂಶೋಧಕರು ಹಂದಿಗಳ ತಿರುಳನ್ನು ಅವುಗಳದೇ ನರದ ಬೇರುಗಳ ಮೇಲೆ ಇಟ್ಟರು, ಒತ್ತಲಿಲ್ಲ. ಆದರೂ ನರದಲ್ಲಿ ಸಂಕೇತ ಸಾಗುವ ವೇಗ ಕುಸಿಯಿತು. ತಿರುಳೇ ನರವನ್ನು ಕೆರಳಿಸುತ್ತದೆ.

ಕೆರಳಿದ ನರ ಉರಿಯುತ್ತದೆ, ಬರೀ ಒತ್ತಿಗೆ ಸಿಕ್ಕ ನರ ಮರಗಟ್ಟುತ್ತದೆ. ಆದ್ದರಿಂದ ‘ನೋವು ಇಳಿಯಿತು, ಆದರೆ ಪಾದ ಎತ್ತಲು ಆಗುತ್ತಿಲ್ಲ’ ಎನ್ನುವುದು ಗುಣವಾದ ಲಕ್ಷಣವಲ್ಲ. ನರ ನೋವಿನ ಸುದ್ದಿಯನ್ನೂ ಕಳಿಸಲಾರದಷ್ಟು ಸೋತಿರಬಹುದು. ಎಣ್ಣೆ ತಿಕ್ಕಿಸಿದ ಮರುದಿನ ನೋವು ಮಾಯವಾಯಿತೆಂದು ಸಂತೋಷಪಡುವ ಮೊದಲು ಹೆಬ್ಬೆರಳು ಎತ್ತಿ ನೋಡಿ. ಬಲ ದಿನದಿನಕ್ಕೂ ಕುಂದುತ್ತಿದ್ದರೆ ಕಾಯದೆ ತಜ್ಞರ ಬಳಿ ಹೋಗಬೇಕು.

ಬಲ ಕುಂದದೆ ಬರೀ ನೋವಿದ್ದರೆ ಆರೇಳು ವಾರ ತಾಳ್ಮೆಯಿಂದ ಕಾಯಬಹುದು. ಹೊರಬಂದ ತಿರುಳನ್ನು ದೇಹದ ಭಕ್ಷಕ ಕೋಶಗಳು ತಿಂದು ಕರಗಿಸುತ್ತವೆ. ಪೂರ್ತಿ ಕಳಚಿ ಬಿದ್ದ ದೊಡ್ಡ ಚೂರು ಬಳೆಯ ಸಣ್ಣ ಉಬ್ಬಿಗಿಂತ ಹೆಚ್ಚು ಸಲ ಕರಗುತ್ತದೆ. ಎಂಆರ್‌ಐ ವರದಿಯ ‘ಬಲ್ಜ್’ ಪದಕ್ಕೆ ಹೆದರಬೇಡಿ. 1994ರ ಒಂದು ಅಧ್ಯಯನದಲ್ಲಿ, ಬೆನ್ನುನೋವೇ ಇಲ್ಲದ 98 ಜನರಲ್ಲಿ ಶೇ. 52ರಷ್ಟು ಮಂದಿಗೆ ಕನಿಷ್ಠ ಒಂದು ಡಿಸ್ಕ್ ಉಬ್ಬಿತ್ತು.

ಒಂದು ಸ್ಥಿತಿಯಲ್ಲಿ ಮಾತ್ರ ಒಂದು ರಾತ್ರಿಯೂ ಕಾಯಬಾರದು. ಬೆನ್ನುಹುರಿ ಸೊಂಟದ ಮೊದಲ ಎರಡು ಮೂಳೆಗಳ ಹತ್ತಿರವೇ ಮುಗಿದು, ಕೆಳಗೆ ನರಗಳು ಕುದುರೆಯ ಬಾಲದಂತೆ ಜೋತಿರುತ್ತವೆ. ದೊಡ್ಡ ಚೂರು ಆ ಬಾಲವನ್ನೇ ಅಮುಕಿದರೆ ಸೈಕಲ್ ಸೀಟಿಗೆ ತಾಗುವ ಜಾಗವೆಲ್ಲ ಮರಗಟ್ಟುತ್ತದೆ, ಮೂತ್ರ ಕಟ್ಟುತ್ತದೆ. ಆಮೇಲೆ ಅದು ತಾನಾಗಿ ಸೋರತೊಡಗಿದರೆ ಸರಿಹೋಯಿತೆಂದು ತಿಳಿಯಬೇಡಿ. ತುಂಬಿದ ಚೀಲ ಉಕ್ಕುತ್ತಿರಬಹುದು. ತುರ್ತು ವಿಭಾಗದಲ್ಲಿ ‘ಸೊಂಟನೋವು’ ಎಂದಷ್ಟೇ ಹೇಳಿದರೆ ಸೂಜಿ ಚುಚ್ಚಿ ಮನೆಗೆ ಕಳಿಸಿಬಿಡಬಹುದು. ಸಂಕೋಚ ಬಿಟ್ಟು, ‘ತೊಳೆದುಕೊಳ್ಳುವಾಗ ಕೈ ತಾಗಿದ್ದು ಗೊತ್ತಾಗುತ್ತಿಲ್ಲ, ಮೂತ್ರ ಇಷ್ಟು ಹೊತ್ತಿನಿಂದ ಬಂದಿಲ್ಲ’ ಎಂದು ಬಿಡಿಸಿ ಹೇಳಿ, ಆಗಲೇ ಎಂಆರ್‌ಐ ಮಾಡಿಸುವಂತೆ ಕೇಳಿ.